ವಿಶ್ವಾಸಮತಕ್ಕೆ ಮುಹೂರ್ತ ಇಡೋರು ಯಾರು? 2019ರ ಜುಲೈನ ಆರು ದಿನಗಳ ಪ್ರಕರಣ

2019ರ ಜುಲೈ 18, ಗುರುವಾರ. ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಎದ್ದು ನಿಂತು ಒಂದೇ ಸಾಲಿನ ಪ್ರಸ್ತಾವ ಮಂಡಿಸಿದ್ರು, ತಮ್ಮ ಮಂತ್ರಿಮಂಡಲದ ಮೇಲೆ ಸದನ ವಿಶ್ವಾಸ ಇಡ್ಬೇಕು ಅಂತ. ಆ ಒಂದು ಸಾಲಿಗೆ ಹೌದೋ ಅಲ್ವೋ ಅನ್ನೋ ಉತ್ತರ ಸಿಕ್ಕಿದ್ದು 23ನೇ ತಾರೀಕು ಮಂಗಳವಾರ ಸಂಜೆ. ಮಧ್ಯೆ ಶನಿವಾರ ಭಾನುವಾರ ಬಿಟ್ರೆ ಸದನ ನಡೀತಾನೇ ಇತ್ತು, ಭಾಷಣ ನಡೀತಾನೇ ಇತ್ತು, ವೋಟು ಮಾತ್ರ ಆಗ್ಲಿಲ್ಲ. ಟೀವಿ ಮುಂದೆ ಕೂತಿದ್ದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಯಾಕೆ ವೋಟಿಗೆ ಹಾಕ್ತಿಲ್ಲ, ರಾಜ್ಯಪಾಲರು ಹೇಳಿದ್ರೂ ಯಾಕೆ ಆಗ್ತಿಲ್ಲ, ಸುಪ್ರೀಂ ಕೋರ್ಟ್ ಯಾಕೆ ಸುಮ್ನಿದೆ.

ಈ ಪ್ರಕರಣದ ಬಗ್ಗೆ ಆಗ್ಲೂ ಈಗ್ಲೂ ಮಾತಾಡೋರು ಯಾರು ಯಾರಿಗೆ ಕೈಕೊಟ್ರು, ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದ್ದ ಶಾಸಕರು ಯಾರು ಅನ್ನೋದನ್ನೇ ಮಾತಾಡ್ತಾರೆ. ನಾನಿಲ್ಲಿ ಬೇರೆ ಕಡೆಯಿಂದ ನೋಡೋಕೆ ಹೊರಟಿದ್ದೀನಿ. ನನ್ನ ಪ್ರಕಾರ ಆ ಆರು ದಿನ ನಡೆದ ಜಗಳ ಪೂರ್ತಿ ಟೈಮಿನದ್ದು. ಸದನವನ್ನ ಕರೆಯೋರು ಒಬ್ಬರು, ನಡೆಸೋರು ಇನ್ನೊಬ್ಬರು, ವೋಟು ಯಾವತ್ತು ಎಷ್ಟು ಗಂಟೆಗೆ ಅನ್ನೋದು ಮಾತ್ರ ಎಲ್ಲೂ ಬರೆದಿಲ್ಲ. ನಮ್ಮ ಶಾಸಕಾಂಗ ಹೇಗೆ ಕಟ್ಟಿದ್ದಾರೆ, ಯಾವಾಗ ಸೇರುತ್ತೆ ಅನ್ನೋದನ್ನ ಪುಸ್ತಕದಲ್ಲಿ ಓದೋದಕ್ಕಿಂತ ಈ ಒಂದು ಪ್ರಕರಣ ನೋಡಿದ್ರೆ ಚೆನ್ನಾಗಿ ಅರ್ಥ ಆಗುತ್ತೆ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ.

ಮೊದ್ಲು ಮನೆಯ ಲೆಕ್ಕ

ಕರ್ನಾಟಕದಲ್ಲಿ ಎರಡು ಮನೆ ಇದೆ, ಕೆಳಮನೆ ವಿಧಾನಸಭೆ, ಮೇಲ್ಮನೆ ವಿಧಾನ ಪರಿಷತ್ತು. ಕೆಳಮನೆಗೆ ಜನ ನೇರವಾಗಿ ಆರಿಸೋ ಸ್ಥಾನ 224. ಆಗ ಆಂಗ್ಲೋ ಇಂಡಿಯನ್ ಸಮುದಾಯದಿಂದ ಒಬ್ಬರನ್ನ ನಾಮಕರಣ ಮಾಡೋ ಪದ್ಧತಿ ಇನ್ನೂ ಇತ್ತು, ಹಾಗಾಗಿ ಒಟ್ಟು 225. ಆ ನಾಮಕರಣ 2020ರ ಜನವರಿಯಿಂದ 104ನೇ ತಿದ್ದುಪಡಿ ಮೂಲಕ ನಿಂತೋಯ್ತು. ಪರಿಷತ್ತಲ್ಲಿ 75 ಜನ, ಅದರಲ್ಲಿ 25 ಶಾಸಕರು ಆರಿಸೋದು, 25 ಸ್ಥಳೀಯ ಸಂಸ್ಥೆಗಳಿಂದ, ಪದವೀಧರರು 7, ಶಿಕ್ಷಕರು 7, ನಾಮಕರಣ 11. ಪರಿಷತ್ತು ವಿಸರ್ಜನೆ ಆಗೋದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ ಆಗ್ತಾ ಹೋಗುತ್ತೆ.

ನಮ್ಮ ಪ್ರಕರಣದಲ್ಲಿ ಪರಿಷತ್ತಿಗೆ ಪಾತ್ರವೇ ಇಲ್ಲ, ಯಾಕಂದ್ರೆ ಸಂವಿಧಾನದ 164ನೇ ವಿಧಿ ಪ್ರಕಾರ ಮಂತ್ರಿಮಂಡಲ ಜವಾಬ್ದಾರಿ ಆಗಿರೋದು ವಿಧಾನಸಭೆಗೆ ಮಾತ್ರ. ಪರಿಷತ್ತಲ್ಲಿ ಸರ್ಕಾರಕ್ಕೆ ಬಹುಮತ ಇಲ್ಲದಿದ್ರೂ ಸರ್ಕಾರ ಬೀಳಲ್ಲ, ಹಣಕಾಸು ವಿಧೇಯಕವನ್ನ ಅವರು ಇಟ್ಕೋಬಹುದಾದ್ದು 14 ದಿನ ಅಷ್ಟೆ. ಮೇಲ್ಮನೆ ಅಂತ ಕರೆದ್ರೂ ಸರ್ಕಾರದ ಜೀವ ಇರೋದು ಕೆಳಮನೆಯಲ್ಲಿ.

2019ರ ಜುಲೈ ಹೊತ್ತಿಗೆ ಕೆಳಮನೆಯಲ್ಲಿ ಬಿಜೆಪಿ 105, ಸ್ಪೀಕರ್ ಸೇರಿ ಕಾಂಗ್ರೆಸ್ 79, ಜೆಡಿಎಸ್ 37, ಬಿಎಸ್‌ಪಿ 1, ಇನ್ನಿಬ್ಬರು ಇತರರು, ಜೊತೆಗೆ ನಾಮಕರಣ ಆದವರು ಒಬ್ಬರು. ಕಾಂಗ್ರೆಸ್ ಜೆಡಿಎಸ್ ಸೇರಿ ನಡೆಸ್ತಿದ್ದ ಸಮ್ಮಿಶ್ರ ಸರ್ಕಾರಕ್ಕೆ ಆಗ ಹದಿನಾಲ್ಕು ತಿಂಗಳು.

ಆ ತಿಂಗಳಲ್ಲೇ ಸದನ ಯಾಕೆ ಸೇರಬೇಕಿತ್ತು

ಇದು ಬಹಳ ಜನ ಗಮನಿಸದ ವಿಷಯ. ಸರ್ಕಾರ ಅಲ್ಲಾಡ್ತಿದೆ ಅಂತ ಗೊತ್ತಿದ್ಮೇಲೆ ಅಧಿವೇಶನವನ್ನೇ ಮುಂದಕ್ಕೆ ಹಾಕಿ ಕೂರಬಹುದಿತ್ತಲ್ಲ ಅಂತ ಆಗ ತುಂಬಾ ಜನ ಕೇಳಿದ್ರು. ಹಾಗೆ ಮಾಡೋಕೆ ಆಗ್ತಿರಲಿಲ್ಲ, ಅದಕ್ಕೆ ಎರಡು ಕಾರಣ ಇವೆ.

ಒಂದು ಸಂವಿಧಾನದ 174ನೇ ವಿಧಿ. ಒಂದು ಅಧಿವೇಶನದ ಕೊನೇ ಬೈಠಕ್ಕಿಗೂ ಮುಂದಿನ ಅಧಿವೇಶನದ ಮೊದಲ ಬೈಠಕ್ಕಿಗೂ ನಡುವೆ ಆರು ತಿಂಗಳು ತುಂಬೋ ಹಾಗಿಲ್ಲ. ಅಧಿವೇಶನ ಕರೆಯೋರು ರಾಜ್ಯಪಾಲರು, ಆದ್ರೆ ತಮಗೆ ತೋಚಿದಾಗ ಅಲ್ಲ, ಸಂಪುಟ ತೀರ್ಮಾನ ಮಾಡಿ ಕಳಿಸಿದ ದಿನಕ್ಕೆ. ಅಧಿವೇಶನಕ್ಕೆ ತೆರೆ ಎಳೆಯೋದೂ ಅವರ ಹೆಸರಲ್ಲೇ. ಸಾಮಾನ್ಯವಾಗಿ ವರ್ಷದ ಮೊದಲ ಅಧಿವೇಶನ ರಾಜ್ಯಪಾಲರ ಭಾಷಣದಿಂದ ಶುರುವಾಗುತ್ತೆ, ಆಮೇಲೆ ಬಜೆಟ್, ಮಳೆಗಾಲದ ಅಧಿವೇಶನ, ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೀಬೇಕು ಅಂತ 2005ರಲ್ಲಿ ನಮ್ಮ ರಾಜ್ಯವೇ ಒಂದು ಕಾನೂನು ಮಾಡ್ಕೊಂಡಿದೆ, ಆ 60 ಮುಟ್ಟದ ವರ್ಷಗಳೇ ಹೆಚ್ಚು ಅನ್ನೋದು ಬೇಜಾರಿನ ಸಂಗತಿ, ಅದರ ಬಗ್ಗೆಯೇ ಬೇರೆ ಬರೀಬೇಕು.

ಎರಡನೇ ಕಾರಣ ದುಡ್ಡು, ಅಸಲಿ ಒತ್ತಡ ಇದ್ದಿದ್ದು ಇಲ್ಲೇ. ಕುಮಾರಸ್ವಾಮಿ ಬಜೆಟ್ ಮಂಡಿಸಿದ್ದು 2019ರ ಫೆಬ್ರವರಿ 8ಕ್ಕೆ. ಲೋಕಸಭಾ ಚುನಾವಣೆ ಎದುರಿಗಿತ್ತು, ಬಜೆಟ್ಟಿನ ಒಂದೊಂದು ಇಲಾಖೆ ಬೇಡಿಕೆ ಚರ್ಚೆ ಮಾಡಿ ಪಾಸು ಮಾಡೋಷ್ಟು ಟೈಮ್ ಇರಲಿಲ್ಲ, ಹಾಗಾಗಿ ಜುಲೈ ಕೊನೆವರೆಗೆ ಖರ್ಚಿಗೆ ಆಗೋ ಹಾಗೆ ಲೇಖಾನುದಾನ, ಅಂದ್ರೆ ಪೂರ್ತಿ ಬಜೆಟ್ ಪಾಸಾಗೋವರೆಗಿನ ತಾತ್ಕಾಲಿಕ ಒಪ್ಪಿಗೆ, ತಗೊಂಡಿದ್ರು. ಶಾಸಕಾಂಗದ ಒಪ್ಪಿಗೆ ಇಲ್ಲದೆ ಖಜಾನೆಯಿಂದ ದುಡ್ಡು ತೆಗೆಯೋ ಹಾಗಿಲ್ಲ. ಅಂದ್ರೆ ಜುಲೈ 31ರೊಳಗೆ ಸದನ ಸೇರಿ ಒಪ್ಪಿಗೆ ಕೊಡ್ಲಿಲ್ಲ ಅಂದ್ರೆ ಆಗಸ್ಟಿಂದ ಸರ್ಕಾರಿ ನೌಕರರ ಸಂಬಳಕ್ಕೂ ದುಡ್ಡು ಬಿಡಿಸೋಕೆ ಅಧಿಕಾರ ಇರಲ್ಲ. ಹಾಗಾಗಿ ಜುಲೈ 12ರಿಂದ ಮಳೆಗಾಲದ ಅಧಿವೇಶನ ಅಂತ ನಿಗದಿ ಆಯ್ತು. ಸರ್ಕಾರ ಗಟ್ಟಿ ಇದ್ರೂ ಅಷ್ಟೆ, ಬೀಳೋ ಹಾಗಿದ್ರೂ ಅಷ್ಟೆ, ಸದನ ಎದುರಿಸದೆ ಬೇರೆ ದಾರಿ ಇರಲಿಲ್ಲ.

ರಾಜೀನಾಮೆಗಳು

ಜುಲೈ 1ರಂದು ಆನಂದ್ ಸಿಂಗ್ ರಾಜೀನಾಮೆ ಸುದ್ದಿಯಿಂದ ಶುರುವಾಗಿ, ಜುಲೈ 6ರ ಶನಿವಾರ ಎರಡೂ ಪಕ್ಷದ ಶಾಸಕರ ಗುಂಪೊಂದು ಸ್ಪೀಕರ್ ಕಚೇರಿಗೇ ಬಂದು ಪತ್ರ ಕೊಟ್ಟೋಯ್ತು, ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಆ ಹೊತ್ತಲ್ಲಿ ಕಚೇರಿಯಲ್ಲಿ ಇರಲಿಲ್ಲ. ಎರಡು ದಿನದ ಮೇಲೆ ಮಂತ್ರಿಗಳೆಲ್ಲ ಸ್ಥಾನ ಬಿಟ್ಟು ಅತೃಪ್ತರಿಗೆ ಜಾಗ ಮಾಡಿಕೊಡ್ತೀವಿ ಅಂದ್ರು, ಇತರರಿಬ್ಬರು ಬೆಂಬಲ ವಾಪಸ್ ತಗೊಂಡ್ರು. 10ನೇ ತಾರೀಕು ಎಂ.ಟಿ.ಬಿ. ನಾಗರಾಜ್, ಕೆ. ಸುಧಾಕರ್ ಕೂಡ ಪತ್ರ ಕೊಟ್ರು.

ಇಲ್ಲೊಂದು ನಿಯಮ ತಿಳ್ಕೊಳ್ಳೇಬೇಕು. ಶಾಸಕರು ರಾಜೀನಾಮೆ ಪತ್ರ ಕೊಟ್ಟ ತಕ್ಷಣ ಸ್ಥಾನ ಖಾಲಿ ಆಗಲ್ಲ, ಸ್ಪೀಕರ್ ಅಂಗೀಕರಿಸಿದ ಮೇಲಷ್ಟೇ ಖಾಲಿ. ಸ್ವಇಚ್ಛೆಯಿಂದ ಕೊಟ್ಟಿದ್ದಾರಾ, ಪತ್ರ ಅಸಲಿಯಾ ಅಂತ ಸ್ಪೀಕರ್ ವಿಚಾರಿಸಬೇಕು, ಅದು 190ನೇ ವಿಧಿಗೆ 1974ರಲ್ಲಿ ಸೇರಿಸಿದ ಮಾತು. ಹೆದರಿಸಿ ಬರೆಸ್ಕೊಳ್ಳೋದನ್ನ ತಡೆಯೋಕೆ ಅಂತಲೇ ಅದನ್ನ ಸೇರಿಸಿದ್ದು. ರಮೇಶ್ ಕುಮಾರ್ 13 ಪತ್ರ ನೋಡಿ 8 ಕ್ರಮಬದ್ಧವಾಗಿಲ್ಲ ಅಂದ್ರು. ಅತೃಪ್ತರು ಸುಪ್ರೀಂ ಕೋರ್ಟಿಗೆ ಹೋದ್ರು, ಕೋರ್ಟು 11ನೇ ತಾರೀಕು ಸಂಜೆ ಸ್ಪೀಕರ್ ಮುಂದೆ ಹಾಜರಾಗಿ ಅಂತು, ಮುಂಬೈಯಿಂದ ವಿಮಾನದಲ್ಲಿ ಬಂದು ಪತ್ರ ಮತ್ತೆ ಕೊಟ್ಟು ಅವತ್ತೇ ವಾಪಸ್ ಹೋದ್ರು. ಮಾರನೇ ದಿನ ಕೋರ್ಟು ಯಥಾಸ್ಥಿತಿ ಕಾಯ್ದುಕೊಳ್ಳಿ ಅಂತು.

ಅದೇ 12ನೇ ತಾರೀಕು ಅಧಿವೇಶನ ಶುರು. ಮೊದಲ ದಿನ ಸಂತಾಪ ಸೂಚನೆ, ಅದರ ನಡುವೆಯೇ ಕುಮಾರಸ್ವಾಮಿ ತಾವಾಗೇ ವಿಶ್ವಾಸಮತ ಕೇಳ್ತೀನಿ ಅಂತ ಘೋಷಿಸಿದ್ರು. ಆಮೇಲೆ ಕಾರ್ಯಕಲಾಪ ಸಲಹಾ ಸಮಿತಿ ಸೇರ್ತು, ಬಿಎಸಿ ಅಂತಾರಲ್ಲ ಅದು, ಸ್ಪೀಕರ್ ಅಧ್ಯಕ್ಷತೆಯಲ್ಲಿ ಎಲ್ಲಾ ಪಕ್ಷದ ಮುಖಂಡರು ಕೂತು ಯಾವ ದಿನ ಯಾವ ಕೆಲಸ ಅಂತ ಗೊತ್ತುಮಾಡೋ ಜಾಗ. ಅಲ್ಲಿ 18ನೇ ತಾರೀಕು ಅಂತ ನಿಗದಿ ಆಯ್ತು. ಯಾವತ್ತು ಶುರು ಅಂತ ನಿಗದಿ ಆಯ್ತೇ ಹೊರತು ಯಾವತ್ತು ಮುಗೀಬೇಕು ಅಂತ ಯಾರೂ ಕಟ್ಟುನಿಟ್ಟಾಗಿ ಬರೆಸ್ಲಿಲ್ಲ. ಮುಂದಿನ ಪೂರ್ತಿ ಗೋಳಿಗೆ ಅದೇ ಬೀಜ.

17ನೇ ತಾರೀಕು ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ಪೀಠ ಎರಡು ಮಾತು ಹೇಳ್ತು. ರಾಜೀನಾಮೆ ಬಗ್ಗೆ ತೀರ್ಮಾನ ತಗೊಳ್ಳೋದು ಸ್ಪೀಕರಿಗೆ ಬಿಟ್ಟಿದ್ದು, ಅವರಿಗೆ ಇಷ್ಟೇ ದಿನ ಅಂತ ಗಡುವು ಹಾಕಲ್ಲ. ಹಾಗೇ, ಈ 15 ಶಾಸಕರನ್ನ ಸದನಕ್ಕೆ ಬರಲೇಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಿಕ್ಕ ಹಾಗಾಯ್ತು, ಸ್ಪೀಕರಿಗೆ ಟೈಮು, ಅತೃಪ್ತರಿಗೆ ಗೈರು.

ಗೈರಿಗೆ ಯಾಕೆ ಅಷ್ಟು ಬೆಲೆ

189ನೇ ವಿಧಿ ಪ್ರಕಾರ ಸದನದಲ್ಲಿ ಯಾವುದೇ ಪ್ರಶ್ನೆ ತೀರ್ಮಾನ ಆಗೋದು ಹಾಜರಿದ್ದು ವೋಟು ಹಾಕಿದವರ ಬಹುಮತದ ಮೇಲೆ. ಒಟ್ಟು 225ರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು ಅಂತ ಇಲ್ಲ. ಕೋರಂ, ಅಂದ್ರೆ ಸದನ ನಡೆಯೋಕೆ ಬೇಕಾದ ಕನಿಷ್ಠ ಹಾಜರಾತಿ, ಇದ್ರೆ ಸಾಕು, ಅದೂ ಹತ್ತರಲ್ಲಿ ಒಂದು ಭಾಗ. ಸ್ಪೀಕರ್ ಮೊದಲ ಸುತ್ತಲ್ಲಿ ವೋಟು ಹಾಕಲ್ಲ, ಎರಡೂ ಕಡೆ ಸಮ ಆದ್ರೆ ಮಾತ್ರ ಅವರ ನಿರ್ಣಾಯಕ ಮತ. ಅಂದ್ಮೇಲೆ 15 ಜನ ವಿರುದ್ಧ ವೋಟು ಹಾಕಲೇಬೇಕು ಅಂತೇನಿಲ್ಲ, ಮುಂಬೈಯಲ್ಲೇ ಕೂತಿದ್ರೂ ಸರ್ಕಾರ ಬೀಳುತ್ತೆ. ರಾಜೀನಾಮೆ ಅಂಗೀಕಾರ ಆಗ್ಲಿ ಆಗದೆ ಇರ್ಲಿ ಲೆಕ್ಕ ಬದಲಾಗಲ್ಲ, ಬಿಜೆಪಿ ಹತ್ರ 105 ಇತ್ತು, ಸರ್ಕಾರದ ಹತ್ರ ಅಷ್ಟು ಇರಲಿಲ್ಲ.

ಇದು ಆಡಳಿತ ಪಕ್ಷದವರಿಗೆ ಗೊತ್ತಿರಲಿಲ್ವಾ? ಖಂಡಿತ ಗೊತ್ತಿತ್ತು. ಅವರಿಗೆ ಉಳಿದಿದ್ದ ಒಂದೇ ಆಸ್ತಿ ಟೈಮು. ರಾಮಲಿಂಗಾ ರೆಡ್ಡಿ ಕೂಡ 6ನೇ ತಾರೀಕೇ ರಾಜೀನಾಮೆ ಕೊಟ್ಟಿದ್ರು, ಆದ್ರೆ ಮನಸ್ಸು ಬದಲಾಯಿಸಿ ವಾಪಸ್ ಬಂದು ಸರ್ಕಾರದ ಪರ ನಿಂತ್ರು. ಒಬ್ಬರು ಬಂದ್ರು ಅಂದ್ರೆ ಇನ್ನೂ ಐದಾರು ಜನ ಬರಬಹುದು, ಇನ್ನೊಂದು ದಿನ ಸಿಕ್ಕಿದ್ರೆ ಇನ್ನೊಬ್ಬರ ಜೊತೆ ಮಾತಾಡಬಹುದು, ಹಾಗಾಗಿ ಒಂದೊಂದು ಗಂಟೆಗೂ ಬೆಲೆ ಬಂತು.

18 ಮತ್ತು 19

ಪ್ರಸ್ತಾವ ಮಂಡಿಸಿ ಮುಖ್ಯಮಂತ್ರಿ ಮಾತು ಶುರುಮಾಡಿದ ಸ್ವಲ್ಪ ಹೊತ್ತಿಗೆ ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಸಿದ್ದರಾಮಯ್ಯ ಕ್ರಿಯಾಲೋಪ ಎತ್ತಿದ್ರು, ಅಂದ್ರೆ ಕಲಾಪ ನಿಯಮದ ಪ್ರಕಾರ ನಡೀತಿಲ್ಲ ಅನ್ನೋ ಆಕ್ಷೇಪ. ಅವರ ಪ್ರಶ್ನೆ ಇಷ್ಟು: ಪಕ್ಷಾಂತರ ತಡೆಯೋ ಹತ್ತನೇ ಅನುಸೂಚಿ ಪ್ರಕಾರ ಪಕ್ಷಕ್ಕೆ ವಿಪ್, ಅಂದ್ರೆ ಹೀಗೇ ವೋಟು ಹಾಕಿ ಅಂತ ತನ್ನ ಶಾಸಕರಿಗೆ ಆದೇಶ, ಕೊಡೋ ಹಕ್ಕಿದೆ, ವಿಪ್ ಮೀರಿದ್ರೆ ಶಾಸಕತ್ವ ಹೋಗುತ್ತೆ, ಈಗ ಕೋರ್ಟು 15 ಜನ ಬರಬೇಕಿಲ್ಲ ಅಂದ್ಮೇಲೆ ನನ್ನ ವಿಪ್‌ಗೆ ಏನು ಬೆಲೆ, ಇದು ಇತ್ಯರ್ಥ ಆಗದೆ ವಿಶ್ವಾಸಮತ ಹೇಗೆ. ಇದನ್ನ ಬರೀ ಟೈಮ್ ಎಳೆಯೋ ತಂತ್ರ ಅಂತ ಬದಿಗೆ ಸರಿಸೋದು ಸರಿಯಲ್ಲ, ನಿಜವಾಗ್ಲೂ ಅದರಲ್ಲಿ ಗಂಭೀರವಾದ ಕಾನೂನಿನ ಪ್ರಶ್ನೆ ಇತ್ತು. ಆದ್ರೆ ಟೈಮು ಎಳೆಯೋಕೂ ಅದು ಅಷ್ಟೇ ಅನುಕೂಲ ಆಯ್ತು ಅನ್ನೋದೂ ನಿಜ, ಎರಡನ್ನೂ ಒಟ್ಟಿಗೆ ಒಪ್ಕೋಬೇಕು.

ಅವತ್ತೇ ರಾಜ್ಯಪಾಲ ವಜುಭಾಯಿ ವಾಲಾ ಅವರಿಂದ ಸ್ಪೀಕರಿಗೆ ಸಂದೇಶ ಬಂತು, ದಿನ ಮುಗಿಯೋದ್ರೊಳಗೆ ವಿಶ್ವಾಸಮತ ಪ್ರಕ್ರಿಯೆ ಮುಗಿಸೋದನ್ನ ಪರಿಗಣಿಸಿ ಅಂತ. 175ನೇ ವಿಧಿ ಪ್ರಕಾರ ರಾಜ್ಯಪಾಲರು ಸದನಕ್ಕೆ ಸಂದೇಶ ಕಳಿಸಬಹುದು, ಸದನ ಅದನ್ನ ಆದಷ್ಟು ಬೇಗ ಪರಿಗಣಿಸಬೇಕು. ಪರಿಗಣಿಸಬೇಕು ಅಂತಷ್ಟೇ ಇದೆ, ಪಾಲಿಸಬೇಕು ಅಂತ ಇಲ್ಲ. ವೋಟಾಗದೆ ಸದನ ಮಾರನೇ ದಿನಕ್ಕೆ ಮುಂದೂಡಿಕೆ ಆಯ್ತು. ಬಿಜೆಪಿ ಶಾಸಕರು ಸದನದಲ್ಲೇ ಧರಣಿ ಕೂತು ರಾತ್ರಿ ಅಲ್ಲೇ ಮಲಗಿದ್ರು.

ಗುರುವಾರ ರಾತ್ರಿ ರಾಜ್ಯಪಾಲರು ಈ ಸಲ ಮುಖ್ಯಮಂತ್ರಿಗೆ ಬರೆದ್ರು, ಶುಕ್ರವಾರ ಮಧ್ಯಾಹ್ನ 1.30ರೊಳಗೆ ಬಹುಮತ ಸಾಬೀತು ಮಾಡಿ ಅಂತ. 1.30 ಕಳೀತು. ಇನ್ನೊಂದು ಪತ್ರ ಬಂತು, ದಿನ ಮುಗಿಯೋದ್ರೊಳಗೆ ಅಂತ. ಅದೂ ಕಳೀತು, ಸದನ ಸೋಮವಾರಕ್ಕೆ ಹೋಯ್ತು. ವಜುಭಾಯಿ ವಾಲಾ ರಾಜ್ಯಪಾಲರಾಗೋ ಮುಂಚೆ ಗುಜರಾತ್ ವಿಧಾನಸಭೆಯ ಸ್ಪೀಕರ್ ಆಗಿದ್ದವರು, ಸ್ಪೀಕರ್ ಕುರ್ಚಿಯ ಅಧಿಕಾರ ಎಷ್ಟು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಹುಶಃ ಅದಕ್ಕೇ ಆಮೇಲಿನ ಪತ್ರ ಸ್ಪೀಕರಿಗಲ್ಲದೆ ಮುಖ್ಯಮಂತ್ರಿಗೆ ಹೋಯ್ತೇನೋ ಅಂತ ನನ್ನ ಊಹೆ.

ಇಲ್ಲೇ ಇರೋದು ವಿಷಯದ ತಿರುಳು. ರಾಜ್ಯಪಾಲರಿಗೆ ಸದನವನ್ನ ಕರೆಯೋ, ಅಧಿವೇಶನ ಮುಗಿಸೋ, ವಿಸರ್ಜಿಸೋ ಅಧಿಕಾರ ಇದೆ. ಒಮ್ಮೆ ಸದನ ಸೇರಿ ಸ್ಪೀಕರ್ ಪೀಠದಲ್ಲಿ ಕೂತ್ರು ಅಂದ್ಮೇಲೆ ಯಾರು ಮಾತಾಡಬೇಕು, ಎಷ್ಟು ಹೊತ್ತು, ಯಾವಾಗ ಮುಂದೂಡಬೇಕು, ಯಾವಾಗ ಮತಕ್ಕೆ ಹಾಕಬೇಕು ಅನ್ನೋದೆಲ್ಲ ಪೀಠದ ಕೈಲಿ. ಕೋರ್ಟು ಕೂಡ 212ನೇ ವಿಧಿ ಕಾರಣಕ್ಕೆ ಕಲಾಪದ ಕ್ರಮದೊಳಗೆ ಸುಲಭವಾಗಿ ತಲೆ ಹಾಕಲ್ಲ.

ಹಾಗಾದ್ರೆ 2018ರ ಮೇನಲ್ಲಿ ಕೋರ್ಟು ಹೇಗೆ ಟೈಮು ಇಟ್ಟಿತು ಅಂತ ಕೇಳಬಹುದು, ಒಳ್ಳೆ ಪ್ರಶ್ನೆ. ಆಗ ಚುನಾವಣೆ ಮುಗಿದಿತ್ತು, ಬಿಜೆಪಿಯ ಯಡಿಯೂರಪ್ಪ 17ನೇ ತಾರೀಕು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡಿದ್ರು, ಬಹುಮತ ತೋರಿಸೋಕೆ ಇದೇ ರಾಜ್ಯಪಾಲರು 15 ದಿನ ಕೊಟ್ಟಿದ್ರು. ಸುಪ್ರೀಂ ಕೋರ್ಟು ಅದನ್ನ ಕಡಿತ ಮಾಡಿ 19ನೇ ತಾರೀಕು ಸಂಜೆ 4 ಗಂಟೆಗೆ ಅಂತು, ಹಂಗಾಮಿ ಸ್ಪೀಕರ್ ಆಗಿ ಕೆ.ಜಿ. ಬೋಪಯ್ಯ ಕೂತ್ರು, ಯಡಿಯೂರಪ್ಪ ಮತಕ್ಕೆ ಹಾಕೋ ಮೊದಲೇ ರಾಜೀನಾಮೆ ಕೊಟ್ರು. ವ್ಯತ್ಯಾಸ ನೋಡಿ, ಅಲ್ಲಿ ಸದನ ಇನ್ನೂ ಸೇರೇ ಇರಲಿಲ್ಲ, ಪ್ರಶ್ನೆ ಇದ್ದಿದ್ದು ರಾಜ್ಯಪಾಲರು ಕೊಟ್ಟ ಗಡುವಿನ ಬಗ್ಗೆ, ಆಯ್ಕೆಯಾದ ಸ್ಪೀಕರೂ ಇರಲಿಲ್ಲ. 2019ರಲ್ಲಿ ಸದನ ನಡೀತಿತ್ತು, ಪ್ರಸ್ತಾವ ಅದರ ಮುಂದೆಯೇ ಇತ್ತು. ಬಾಗಿಲಾಚೆ ಇದ್ದಾಗ ಹೊರಗಿನವರು ಟೈಮು ಇಡಬಹುದು, ಒಳಗೆ ಹೋದ್ಮೇಲೆ ಪೀಠ ಇಟ್ಟಿದ್ದೇ ಟೈಮು.

ಬೇರೆ ರಾಜ್ಯದ ಅನುಭವವೂ ಇದನ್ನೇ ಹೇಳುತ್ತೆ. ಅರುಣಾಚಲದಲ್ಲಿ ರಾಜ್ಯಪಾಲರು ಸಂಪುಟವನ್ನ ಕೇಳದೆ 2016ರ ಜನವರಿ 14ಕ್ಕೆ ಇದ್ದ ಅಧಿವೇಶನವನ್ನ 2015ರ ಡಿಸೆಂಬರ್ 16ಕ್ಕೇ ಎಳೆದ್ರು, ಸುಪ್ರೀಂ ಕೋರ್ಟು 2016ರ ಜುಲೈನಲ್ಲಿ ಅದು ತಪ್ಪು ಅಂತ ಹೇಳಿ ಹಳೇ ಸರ್ಕಾರವನ್ನೇ ವಾಪಸ್ ಕೂರಿಸ್ತು. ರಾಜಸ್ಥಾನದಲ್ಲಿ 2020ರಲ್ಲಿ ಉಲ್ಟಾ, ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಬೇಗ ಅಧಿವೇಶನ ಕರೀರಿ ಅಂತಾರೆ, ರಾಜ್ಯಪಾಲರು 21 ದಿನದ ನೋಟಿಸ್ ಬೇಕು ಅಂತ ಫೈಲ್ ವಾಪಸ್ ಕಳಿಸ್ತಾರೆ, ಕೊನೆಗೆ ಆಗಸ್ಟ್ 14ಕ್ಕೆ ಸದನ ಸೇರ್ತು. ಇಷ್ಟಕ್ಕೂ ಬಹುಮತ ತೀರ್ಮಾನ ಆಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಅನ್ನೋ ತೀರ್ಪು ಬಂದಿದ್ದೇ ಕರ್ನಾಟಕದ ಪ್ರಕರಣದಲ್ಲಿ. 1989ರಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸ್ತೀನಿ ಅಂದ್ರೂ ಅವಕಾಶ ಕೊಡದೆ ಸರ್ಕಾರ ವಜಾ ಆಗಿತ್ತು, 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪು ಕೊಡ್ತು. ಆ ತೀರ್ಪಿನ ಮೇಲೆ ನನಗೆ ತುಂಬಾ ಗೌರವ. ಆದ್ರೆ ಸದನದಲ್ಲಿ ಅಂದ ಮಾತ್ರಕ್ಕೆ ಯಾವಾಗ ಅನ್ನೋ ಪ್ರಶ್ನೆ ಮುಗಿಯಲ್ಲ, 2019 ತೋರಿಸಿದ್ದು ಅದನ್ನೇ.

22 ಮತ್ತು 23

ಸೋಮವಾರ ಸ್ಪೀಕರ್ ವಿಪ್ ಬಗ್ಗೆ ರೂಲಿಂಗ್ ಕೊಟ್ರು, ಶಾಸಕಾಂಗ ಪಕ್ಷದ ನಾಯಕರಿಗೆ ವಿಪ್ ಕೊಡೋ ಹಕ್ಕಿದೆ, ಪಾಲಿಸೋದು ಬಿಡೋದು ಸದಸ್ಯರಿಗೆ ಬಿಟ್ಟಿದ್ದು, ದೂರು ಬಂದ್ರೆ ನಿಯಮದ ಪ್ರಕಾರ ನೋಡ್ತೀನಿ ಅಂತ. ಇದಾದ್ಮೇಲೆ ವೋಟಿಗೆ ಅಡ್ಡಿ ಏನಿತ್ತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆದ್ರೂ ಭಾಷಣದ ಮೇಲೆ ಭಾಷಣ, ಗಲಾಟೆ, ಸದನ ಮಧ್ಯರಾತ್ರಿ ಹತ್ತಿರ ಆಗೋವರೆಗೂ ನಡೀತು. ಸೋಮವಾರ ವೋಟು ಮುಗಿಸ್ತೀನಿ ಅಂತ ತಾನೇ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಆಗ್ತಿಲ್ಲ ಅಂತ ಸ್ಪೀಕರ್ ಪೀಠದಿಂದ ನೊಂದು ಮಾತಾಡಿದ್ದನ್ನ ಆವತ್ತು ನೋಡಿದವರು ಮರೆತಿರಲ್ಲ. ಇತರ ಶಾಸಕರಿಬ್ಬರು ಕೂಡಲೇ ವೋಟು ಮಾಡಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ರು, ಅವತ್ತೇ ಅರ್ಜಿ ಕೇಳೋಕೆ ಕೋರ್ಟು ಒಪ್ಪಲಿಲ್ಲ.

ಮಂಗಳವಾರಕ್ಕೆ ಸಂಜೆ 6ರ ಗಡುವನ್ನ ಪೀಠವೇ ಇಟ್ಟಿತ್ತು. ರಾಜ್ಯಪಾಲರ ಮೂರು ಗಡುವಿಗೆ ಆಗದ್ದು ಪೀಠದ ಒಂದು ಗಡುವಿಗೆ ಆಯ್ತು, ಸ್ವಲ್ಪ ತಡ ಆದ್ರೂ ಆಯ್ತು. ಮುಖ್ಯಮಂತ್ರಿ ಉತ್ತರ ಕೊಟ್ರು, ಮೊದಲು ಧ್ವನಿಮತ, ಆಮೇಲೆ ಡಿವಿಷನ್, ಅಂದ್ರೆ ಸಾಲು ಸಾಲಾಗಿ ಸದಸ್ಯರನ್ನ ನಿಲ್ಲಿಸಿ ತಲೆ ಎಣಿಸೋದು. ಪರ 99, ವಿರುದ್ಧ 105.

ಗೈರಾದವರು 20. ಅತೃಪ್ತರು 15, ಇತರರಿಬ್ಬರು, ಬಿಎಸ್‌ಪಿಯ ಎನ್. ಮಹೇಶ್, ಆಸ್ಪತ್ರೆ ಸೇರಿದ್ದ ಕಾಂಗ್ರೆಸ್ಸಿನ ಇಬ್ಬರು. 99, 105, 20, ಪೀಠದಲ್ಲಿದ್ದ ಸ್ಪೀಕರ್ ಒಬ್ಬರು, ಕೂಡಿಸಿದ್ರೆ ಸರಿಯಾಗಿ 225. ಆರು ದಿನದ ಮೊದಲೂ ಬಿಜೆಪಿ ಹತ್ರ 105 ಇತ್ತು, ಆರು ದಿನದ ಮೇಲೂ 105. ಅಷ್ಟೂ ಟೈಮು ಎಳೆದು ಒಂದು ವೋಟೂ ಆ ಕಡೆಯಿಂದ ಈ ಕಡೆ ಬರಲಿಲ್ಲ.

ಆಮೇಲೆ ಆಗಿದ್ದು

25ಕ್ಕೆ ಸ್ಪೀಕರ್ ಮೂವರನ್ನ ಅನರ್ಹ ಮಾಡಿದ್ರು, 28ರ ಭಾನುವಾರ ಇನ್ನೂ 14 ಜನರನ್ನ. ಒಟ್ಟು 17, ಸದನದ ಬಲ 208ಕ್ಕೆ ಇಳೀತು, ಅದರಲ್ಲಿ ಬಹುಮತ ಅಂದ್ರೆ 105, ಬಿಜೆಪಿ ಹತ್ರ ಇದ್ದಷ್ಟೇ. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತಗೊಂಡಿದ್ರು, 29ಕ್ಕೆ ವಿಶ್ವಾಸಮತ, ಈ ಸಲ ಯಾರೂ ಡಿವಿಷನ್ ಕೇಳಲಿಲ್ಲ, ಧ್ವನಿಮತದಲ್ಲೇ ಮುಗೀತು. ಅದೇ ದಿನ ಹಣಕಾಸು ವಿಧೇಯಕ ಪಾಸಾಗಿ ಮೂರು ತಿಂಗಳ ಲೇಖಾನುದಾನಕ್ಕೂ ಒಪ್ಪಿಗೆ ಸಿಕ್ತು. ಜುಲೈ 31ಕ್ಕೆ ಎರಡೇ ದಿನ ಬಾಕಿ. ರಮೇಶ್ ಕುಮಾರ್ ಅಲ್ಲೇ ಸ್ಪೀಕರ್ ಸ್ಥಾನಕ್ಕೆ ರಾಜೀನಾಮೆ ಕೊಟ್ರು, 31ಕ್ಕೆ ವಿಶ್ವೇಶ್ವರ ಹೆಗಡೆ ಕಾಗೇರಿ ಅವಿರೋಧವಾಗಿ ಆಯ್ಕೆಯಾದ್ರು.

ಇಡೀ ರಾಜ್ಯದ ಬಜೆಟ್ಟು ಆ ಜುಲೈನಲ್ಲಿ ಚರ್ಚೆ ಆಗಬೇಕಿತ್ತು, ಶಿಕ್ಷಣಕ್ಕೆ ಎಷ್ಟು, ನೀರಾವರಿಗೆ ಎಷ್ಟು, ಯಾವುದು ಯಾಕೆ ಅಂತ. ಆ ಚರ್ಚೆಗೆ ಅಂತ ಕರೆದ ಅಧಿವೇಶನದಲ್ಲಿ ಅದು ಬಿಟ್ಟು ಮಿಕ್ಕಿದ್ದೆಲ್ಲ ಆಯ್ತು. ಇದು ನನಗೆ ಸರ್ಕಾರ ಬಿದ್ದಿದ್ದಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಗಡುವು ಇಡೋ ಅಧಿಕಾರವನ್ನ ರಾಜ್ಯಪಾಲರಿಗೆ ಕೊಡೋದು ಪರಿಹಾರ ಅಲ್ಲ, ಅವರನ್ನ ನೇಮಿಸೋದು ಕೇಂದ್ರ, ನಾಳೆ ಯಾವ ಸರ್ಕಾರದ ಕುತ್ತಿಗೆಗೆ ಬೇಕಾದ್ರೂ ಅದು ಬರುತ್ತೆ. ಸ್ಪೀಕರಿಗೆ ಪೂರ್ತಿ ಬಿಡೋದೂ ಸರಿಯಲ್ಲ, ಸ್ಪೀಕರ್ ಆಡಳಿತ ಪಕ್ಷದಿಂದಲೇ ಬಂದಿರ್ತಾರೆ. 2010ರಲ್ಲಿ ಇದೇ ಸದನದಲ್ಲಿ ವಿಶ್ವಾಸಮತದ ಹಿಂದಿನ ದಿನ ಬಿಜೆಪಿಯ 11 ಜನರನ್ನೂ 5 ಪಕ್ಷೇತರರನ್ನೂ ಆಗಿನ ಸ್ಪೀಕರ್ ಅನರ್ಹ ಮಾಡಿದ್ರು, 2011ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು. ಅವತ್ತು ಲಾಭ ಆದ ಪಕ್ಷ ಬೇರೆ, 2019ರಲ್ಲಿ ಲಾಭ ಹುಡುಕಿದ ಪಕ್ಷ ಬೇರೆ, ಕುರ್ಚಿ ಅದೇ. ದಾರಿ ಇರೋದು ಸದನದ ನಿಯಮಾವಳಿಯಲ್ಲೇ, ವಿಶ್ವಾಸಮತದ ಪ್ರಸ್ತಾವ ಮಂಡನೆ ಆದ್ಮೇಲೆ ಇಷ್ಟು ಗಂಟೆ ಚರ್ಚೆ, ಇಂಥ ದಿನ ಇಷ್ಟೊತ್ತಿಗೆ ಮತ, ಕ್ರಿಯಾಲೋಪ ಏನೇ ಇದ್ರೂ ಆ ಅವಧಿಯೊಳಗೇ ಇತ್ಯರ್ಥ ಅಂತ ಸದನವೇ ತನಗೆ ತಾನು ಬರೆದ್ಕೋಬೇಕು. ಹಾಗೆ ಮಾಡಿದ್ರೆ ಹೊರಗಿನವರು ಪತ್ರ ಬರೆಯೋ ಪ್ರಸಂಗವೇ ಬರಲ್ಲ.

ಇನ್ನು ಅನರ್ಹರ ಕತೆ. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂತು, ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ಪ್ರಕರಣ ತಾನಾಗೇ ಬಿದ್ದೋಗಲ್ಲ ಅಂತು, ಆದ್ರೆ 2023ರವರೆಗೆ ಚುನಾವಣೆಗೆ ನಿಲ್ಲೋ ಹಾಗಿಲ್ಲ ಅಂತ ಅವಧಿ ಹಾಕೋ ಅಧಿಕಾರ ಸ್ಪೀಕರಿಗೆ ಇಲ್ಲ ಅಂತ ಆ ಭಾಗ ತೆಗೆದು ಹಾಕ್ತು. ಡಿಸೆಂಬರ್ 5ಕ್ಕೆ 15 ಕ್ಷೇತ್ರದಲ್ಲಿ ಉಪಚುನಾವಣೆ ಆಗಿ ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ 1 ಗೆದ್ರು.

17ರಲ್ಲಿ 15 ಹೋದ್ರೆ ಉಳಿದಿದ್ದು ಎರಡು, ರಾಜರಾಜೇಶ್ವರಿನಗರ ಮತ್ತೆ ರಾಯಚೂರು ಜಿಲ್ಲೆಯ ಮಸ್ಕಿ. 2018ರ ಚುನಾವಣೆ ಬಗ್ಗೆ ಹೈಕೋರ್ಟಲ್ಲಿ ತಕರಾರು ಇದ್ದಿದ್ರಿಂದ ಅಲ್ಲಿ ಉಪಚುನಾವಣೆ ಆಗ ನಡೀಲಿಲ್ಲ. ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರಲ್ಲಿ ಶಾಸಕರು ಸಿಕ್ರು. ಮಸ್ಕಿಯಲ್ಲಿ ವೋಟು ನಡೆದಿದ್ದು 2021ರ ಏಪ್ರಿಲ್ 17ಕ್ಕೆ, ಫಲಿತಾಂಶ ಮೇ 2ಕ್ಕೆ. ಅಷ್ಟರಲ್ಲಿ ವಿಧಾನಸಭೆ ಎಷ್ಟೋ ಸಲ ಸೇರಿತ್ತು, 2020ರ ಬಜೆಟ್ ಮಂಡನೆ ಆಗಿತ್ತು, 2021ರದ್ದೂ ಆಗಿತ್ತು, ಕೊರೊನಾ ಬಗ್ಗೆ ಚರ್ಚೆ ಆಗಿತ್ತು. ಇಪ್ಪತ್ತೊಂದು ತಿಂಗಳು ಆ ಸದನದಲ್ಲಿ ಮಸ್ಕಿ ಪರವಾಗಿ ಎದ್ದು ನಿಂತು ಕೇಳೋಕೆ ಒಬ್ಬ ಶಾಸಕರೂ ಇರಲಿಲ್ಲ.